ಪಿಎಚ್‌ಡಿ ಮೊದಲ ವರ್ಷ: ಹಾಸನ ಕಡೆಯ ಗ್ನೀಸ್ ಸ್ಯಾಂಪಲಿಂಗ್‌ನಿಂದ ಜಿರ್ಕಾನ್ ಡೇಟಿಂಗ್‌ವರೆಗೆ ಹೇಗೆ ಯೋಜಿಸಬೇಕು?

ಗೊರೂರು_ಗ್ನೀಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಜ್ಯದ ಒಂದು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ಹಾಸನ, ಗೊರೂರು, ಹೊಳೆನರಸೀಪುರ ಸುತ್ತಿನ ಪೆನಿನ್ಸುಲರ್ ಗ್ನೀಸ್‌ನಲ್ಲಿ (ದಕ್ಷಿಣ ಭಾರತದ ತಳದಲ್ಲಿರುವ ಹಳೆಯ ಪಟ್ಟೆ ಪಟ್ಟೆ ಶಿಲೆ) ಎಷ್ಟು ಹಂತಗಳಿವೆ, ಪ್ರತಿ ಹಂತದ ವಯಸ್ಸು ಎಷ್ಟು, ಹೋಲ್ ರಾಕ್ ಕೆಮಿಸ್ಟ್ರಿ (ಇಡೀ ಶಿಲೆಯ ರಾಸಾಯನಿಕ ಸಂಯೋಜನೆ) ಏನು ಹೇಳುತ್ತದೆ ಎನ್ನುವುದು ವಿಷಯ. ಡಿಸೆಂಬರ್‌ನಲ್ಲಿ ಮೊದಲ ಫೀಲ್ಡ್. ನಮ್ಮ ಗುಂಪಿನಲ್ಲಿ ಜಾ ಕ್ರಶರ್, ಜರಡಿಗಳು, ಒಂದು ಹಳೆಯ ಫ್ರಾಂಟ್ಸ್ ಮ್ಯಾಗ್ನೆಟಿಕ್ ಸೆಪರೇಟರ್, ಪೆಟ್ರಾಲಜಿ ಮೈಕ್ರೋಸ್ಕೋಪ್ ಇವೆ. ವಯಸ್ಸು ಅಳೆಯುವ ಲೇಸರ್, ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲ, ಹೊರಗೆ ಬುಕ್ ಮಾಡಬೇಕು.

ಕೇಳಬೇಕಾದದ್ದು: ಒಂದು ಸ್ಯಾಂಪಲ್ ಎಷ್ಟು ಕಿಲೋ ಇರಬೇಕು? ಸುಮಾರು 60 ಸ್ಯಾಂಪಲ್ ತಂದು ಆಮೇಲೆ ಆರಿಸುವ ಯೋಚನೆ ಇದೆ, ಅದು ಸರಿಯೇ? ಜಿರ್ಕಾನ್ (ವಯಸ್ಸು ಅಳೆಯಲು ಬಳಸುವ, ಯುರೇನಿಯಂ ಇರುವ ಸಣ್ಣ ಖನಿಜ ಹರಳು) ಬೇರ್ಪಡಿಸುವಾಗ ಎಲ್ಲಿ ಎಡವುತ್ತಾರೆ? ಅಡ್ವೈಸರಿ ಕಮಿಟಿಯ ಮುಂದೆ ಮೊದಲ ಪ್ರೆಸೆಂಟೇಷನ್‌ಗೆ ಏನೇನು ಕೈಯಲ್ಲಿರಬೇಕು?

ಕೊರೆಗಲ್ಲು

60 ಬೇಡ. 60 ಸ್ಯಾಂಪಲ್ ತಂದು ಆಮೇಲೆ ಆರಿಸುತ್ತೇನೆ ಎಂದರೆ, ಬಂಡೆಯ ಮುಂದೆ ನಿಂತು ಮಾಡಬೇಕಾದ ತೀರ್ಮಾನವನ್ನು ಸ್ಟೋರ್ ರೂಮಿಗೆ ಮುಂದೂಡಿದ ಹಾಗೆ. ಅಲ್ಲಿ ಯಾವ ಶಿಲೆ ಯಾವುದನ್ನು ಕತ್ತರಿಸಿತ್ತು ಎಂದು ಯಾವ ಸ್ಯಾಂಪಲ್ ಬ್ಯಾಗೂ ಹೇಳುವುದಿಲ್ಲ. ನಿಮ್ಮ ಪ್ರಶ್ನೆ 'ಎಷ್ಟು ಹಂತ' ಎಂದಿದ್ದರೆ ಉತ್ತರದ ಅರ್ಧ ಭಾಗ ಫೀಲ್ಡ್‌ನಲ್ಲೇ ಇದೆ.

ಆ ಪ್ರದೇಶದ ಗ್ನೀಸ್ 3.4 ರಿಂದ 3.0 ಶತಕೋಟಿ ವರ್ಷಗಳ ನಡುವೆ ಹಲವು ಸಲ ಬಂದ ಶಿಲಾಪಾಕ, ಮೇಲೆ ಮತ್ತೆ ಮತ್ತೆ ಕಾದು ಮಡಿಚಿಕೊಂಡದ್ದು. ಒಂದೇ ಮೀಟರ್ ಬಂಡೆಯಲ್ಲಿ ಕಡು ಬೂದು ಪಟ್ಟೆ, ತಿಳಿ ಬೂದು ಟ್ರಾಂಡ್ಜೆಮೈಟ್ (ಗ್ರಾನೈಟ್ ಥರದ, ಸೋಡಿಯಂ ಹೆಚ್ಚಿರುವ ಶಿಲೆ), ಅವನ್ನು ಅಡ್ಡ ಕತ್ತರಿಸುವ ಬಿಳಿ ಎಳೆ, ಎಲ್ಲಕ್ಕೂ ಮೇಲೆ ಗುಲಾಬಿ ಪೆಗ್ಮಟೈಟ್ (ದೊಡ್ಡ ಹರಳುಗಳ ಶಿಲೆ) ಸಿಗುತ್ತವೆ. ಒಂದೇ ಸುತ್ತಿಗೆ ಏಟಿಗೆ ಸಿಕ್ಕ ತುಂಡನ್ನು ಹಾಗೆಯೇ ಪುಡಿ ಮಾಡಿದರೆ ನಾಲ್ಕು ವಯಸ್ಸುಗಳ ಮಿಶ್ರಣ ಬರುತ್ತದೆ. ಆಗ ಕಾಂಕಾರ್ಡಿಯಾ ಪ್ಲಾಟ್ (ಯುರೇನಿಯಂ–ಸೀಸದ ಎರಡು ಗಡಿಯಾರಗಳ ವಯಸ್ಸು ಹೋಲಿಸುವ ನಕ್ಷೆ) ನೋಡಿ ಯಾವ ಗುಂಪು ಯಾವ ಪಟ್ಟೆಯದು ಎಂದು ಹೇಳುವ ದಾರಿಯೇ ಇಲ್ಲ.

ಆದ್ದರಿಂದ ಒಂದು ಒಳ್ಳೆಯ ಬಂಡೆ ಸಿಕ್ಕರೆ ಮೊದಲು 1:20 ರ ಅಳತೆಯಲ್ಲಿ ಸ್ಕೆಚ್ ಮಾಡಿ. ಟೇಪ್ ಹಾಸಿ, ಉತ್ತರ ದಿಕ್ಕು ಗುರುತಿಸಿ, ಯಾವ ಎಳೆ ಯಾವುದನ್ನು ಕತ್ತರಿಸಿದೆ ಎಂದು ಬಾಣ ಹಾಕಿ. ನಂತರ ಪ್ರತಿ ಹಂತಕ್ಕೂ ಪ್ರತ್ಯೇಕ ಸ್ಯಾಂಪಲ್. ಹಂತ ಕನಿಷ್ಠ 4-5 ಸೆಂಟಿಮೀಟರ್ ದಪ್ಪವಿದ್ದರೆ ಮಾತ್ರ ತೆಗೆಯಿರಿ, ಯಾಕೆಂದರೆ ಲ್ಯಾಬ್‌ನಲ್ಲಿ ರಾಕ್ ಸಾ ಹಾಕಿ ಎರಡೂ ಅಂಚುಗಳನ್ನು ಕತ್ತರಿಸಿ ಎಸೆದ ಮೇಲೂ ನಡುವೆ ಶುದ್ಧ ಭಾಗ ಉಳಿಯಬೇಕು. ಇಂಥ ಆರು ಬಂಡೆಗಳಿಂದ ಮೂರು ಮೂರು ಸ್ಯಾಂಪಲ್ ತಂದರೆ 18 ಆಗುತ್ತದೆ. ಅದು 60 ಬಿಡಿ ತುಂಡುಗಳಿಗಿಂತ ಎಷ್ಟೋ ಗಟ್ಟಿ ಕೆಲಸ. ಬಂಡೆಯಲ್ಲಿ ಕತ್ತರಿಸಿದ ಕ್ರಮ ಒಂದು, ಜಿರ್ಕಾನ್ ಹೇಳುವ ವಯಸ್ಸಿನ ಕ್ರಮ ಇನ್ನೊಂದು ಬಂದರೆ ನಂಬಬೇಕಾದ್ದು ಬಂಡೆಯನ್ನು. ಜಿರ್ಕಾನ್ ಹಳೆಯ ಶಿಲೆಯಿಂದ ಎರವಲು ಬಂದಿರಬಹುದು.

ತೂಕದ ಲೆಕ್ಕ: ಮಧ್ಯಮ ಕಣದ ಬೂದು ಗ್ನೀಸ್‌ಗೆ ಜಿರ್ಕಾನ್‌ಗಾಗಿ 4-5 ಕಿಲೋ, ಕೆಮಿಸ್ಟ್ರಿಗೆ 2-3 ಕಿಲೋ, ಥಿನ್ ಸೆಕ್ಷನ್‌ಗೆ (ಮೈಕ್ರೋಸ್ಕೋಪ್‌ನಲ್ಲಿ ನೋಡುವ ಶಿಲೆಯ ತೆಳು ಸೀಳು) ಮುಷ್ಟಿ ಗಾತ್ರದ ಒಂದು, ಕಾಯ್ದಿಡಲು ಇನ್ನೊಂದು. ಒಟ್ಟು 8-9 ಕಿಲೋ. ಹೋಲಿಕೆಗೆ ರಾಮನಗರ ಕಡೆಯ ಕ್ಲೋಸ್‌ಪೇಟ್ ಗ್ರಾನೈಟ್ ತರುವುದಾದರೆ ಲೆಕ್ಕ ಬೇರೆ. ಅದರಲ್ಲಿ ಪೊಟಾಷ್ ಫೆಲ್ಡ್‌ಸ್ಪಾರ್ ಹರಳುಗಳು 3-5 ಸೆಂಟಿಮೀಟರ್ ಇರುತ್ತವೆ. 2 ಕಿಲೋ ತುಂಡಿನಲ್ಲಿ ನಾಲ್ಕು ಹರಳು ಹೆಚ್ಚು ಬಂದರೆ ಪೊಟ್ಯಾಷಿಯಂ, ಬೇರಿಯಂ, ರುಬಿಡಿಯಂ ಎಲ್ಲವೂ ಏರಿಬಿಡುತ್ತವೆ. ಅಲ್ಲಿ ಕೆಮಿಸ್ಟ್ರಿಗೇ 10 ಕಿಲೋ ಬೇಕು.

ಮೇಲ್ಮೈ ಬಂಡೆ ಹೊಳೆಯುವಷ್ಟು ಗಟ್ಟಿಯಾಗಿ ಕಂಡರೂ ಒಳಗೆ ಒಂದೆರಡು ಸೆಂಟಿಮೀಟರ್ ಹವೆಗೆ ಸವೆದಿರುತ್ತದೆ. ಬಯೋಟೈಟ್ ಸುತ್ತ ಕಂದು ಕಲೆ, ಫೆಲ್ಡ್‌ಸ್ಪಾರ್ ಮಂಕಾಗಿ ಸುಣ್ಣದಂತೆ ಕಂಡರೆ ಬಿಡಿ. ಕಲ್ಲು ಕ್ವಾರಿಗಳು ಒಳ್ಳೆಯವು. ಆದರೆ ಮಾಲೀಕರ ಅನುಮತಿ, ಸಿಡಿಮದ್ದಿನ ಸಮಯ ಎರಡನ್ನೂ ಕೇಳಿಕೊಂಡೇ ಒಳಗೆ ಹೋಗಿ. ಹೊಸದಾಗಿ ಸಿಡಿಸಿದ ಗೋಡೆಯ ಕೆಳಗೆ ನಿಲ್ಲಬೇಡಿ. ಕ್ವಾರಿಯಲ್ಲಿ ಬಿದ್ದ ತುಂಡನ್ನು ಎತ್ತುವ ಆಸೆಯಾಗುತ್ತದೆ, ಅದು ಯಾವ ಗೋಡೆಯದು ಎಂದು ತೋರಿಸಲು ಆಗದಿದ್ದರೆ ಬೇಡ. ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಅದು ತಿಂಗಳುಗಟ್ಟಲೆ ಹಿಡಿಯುತ್ತದೆ, ಈಗಲೇ ಅರ್ಜಿ ಹಾಕಿ. ಲಾಲ್‌ಬಾಗ್ ಗುಡ್ಡ, ಮರಡಿಹಳ್ಳಿಯ ದಿಂಬು ಲಾವಾದಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಸುತ್ತಿಗೆ ಮುಟ್ಟಬಾರದು. ನೋಡುವುದಕ್ಕೆ ಮಾತ್ರ.

ಇನ್ನೊಂದು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ಶೀಟ್ ಎವರೆಸ್ಟ್ ಡೇಟಮ್‌ನಲ್ಲಿದೆ, ನಿಮ್ಮ ಜಿಪಿಎಸ್ ಡಬ್ಲ್ಯುಜಿಎಸ್-84 ರಲ್ಲಿದೆ. ಹಾಗೆಯೇ ಇಟ್ಟರೆ ಬಿಂದು ನೂರು ಮೀಟರ್‌ಗೂ ಹೆಚ್ಚು ಆಚೆ ಬೀಳುತ್ತದೆ, ಗ್ನೀಸ್ ಸ್ಯಾಂಪಲ್ ನಕ್ಷೆಯಲ್ಲಿ ಪಕ್ಕದ ಬೇರೆ ಶಿಲೆಗಳ ಪಟ್ಟಿಯಾದ ಶಿಸ್ಟ್ ಬೆಲ್ಟ್ ಒಳಗೆ ಕೂರುತ್ತದೆ. ಓಪನ್ ಸೀರೀಸ್ ನಕ್ಷೆ ಬಳಸಿದರೆ ಈ ತೊಂದರೆ ಇಲ್ಲ. ಜಿಎಸ್‌ಐನ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಭೂಕೋಶ್ ಪೋರ್ಟಲ್‌ನಿಂದ ಭೂವೈಜ್ಞಾನಿಕ ನಕ್ಷೆಯ ಪದರ ಇಳಿಸಿಕೊಂಡು ಹೊರಡುವ ಮೊದಲೇ ಕ್ಯೂಜಿಐಎಸ್ ನಕ್ಷೆ ತಂತ್ರಾಂಶದಲ್ಲಿ ಹೊಂದಿಸಿ. ಹೊಳೆನರಸೀಪುರ ಬೆಲ್ಟ್ ಒಳಗೆ ಪಟ್ಟೆ ಕಬ್ಬಿಣ ಶಿಲೆಯ ಹತ್ತಿರ ಬ್ರಂಟನ್ ಕಾಂಪಸ್ ಸುಳ್ಳು ಹೇಳುತ್ತದೆ. ಅಲ್ಲಿ ದೂರದ ಗುರುತು ಹಿಡಿದು ದಿಕ್ಕು ತೆಗೆಯಿರಿ.

ಭಾರದ್ರವ

ಕೊರೆಗಲ್ಲು ಅವರು ಹೇಳಿದ 4-5 ಕಿಲೋ ಯಾಕೆ ಸಾಕು ಎನ್ನುವ ಲೆಕ್ಕ ತಿಳಿದಿರಲಿ, ಯಾಕೆಂದರೆ ಲ್ಯಾಬ್‌ನಲ್ಲಿ ತಪ್ಪು ಎಲ್ಲಿ ಆಯಿತು ಎಂದು ಅದೇ ಹೇಳುತ್ತದೆ.

ಬೂದು ಗ್ನೀಸ್‌ನಲ್ಲಿ ಜಿರ್ಕೋನಿಯಂ 150 ಪಿಪಿಎಂ (ಹತ್ತು ಲಕ್ಷದಲ್ಲಿ 150 ಪಾಲು) ಎಂದುಕೊಳ್ಳಿ. ಜಿರ್ಕಾನ್‌ನ ತೂಕದಲ್ಲಿ ಸುಮಾರು ಅರ್ಧ ಜಿರ್ಕೋನಿಯಂ. ಅಂದರೆ ಶಿಲೆಯಲ್ಲಿ ಜಿರ್ಕಾನ್ 300 ಪಿಪಿಎಂ, 5 ಕಿಲೋಗೆ 1.5 ಗ್ರಾಂ. 100 ಮೈಕ್ರಾನ್ ಉದ್ದ, 50 ಅಗಲ, 50 ದಪ್ಪದ ಒಂದು ಕಣ ಸುಮಾರು 1.2 ಮೈಕ್ರೋಗ್ರಾಂ ತೂಗುತ್ತದೆ. ಲೆಕ್ಕದ ಪ್ರಕಾರ ಹತ್ತು ಲಕ್ಷಕ್ಕೂ ಹೆಚ್ಚು ಕಣ. ಒಂದಷ್ಟು ಜಿರ್ಕೋನಿಯಂ ಬೇರೆ ಖನಿಜಗಳಲ್ಲಿರುತ್ತದೆ, ಒಂದಷ್ಟು ಕಣ ತೀರಾ ಸಣ್ಣವು, ಒಡೆಯುವುವೂ ಇವೆ. ನೂರಕ್ಕೆ ಒಂದು ಪಾಲು ಕೈಗೆ ಬಂದರೂ ಸಾವಿರಾರು. ಆದ್ದರಿಂದ 5 ಕಿಲೋ ಗ್ನೀಸ್‌ನಿಂದ 40 ಕಣ ಮಾತ್ರ ಸಿಕ್ಕಿತು ಎಂದರೆ ಶಿಲೆಯನ್ನು ದೂರಬೇಡಿ, ತೊಳೆಯುವಾಗ ಚರಂಡಿಗೆ ಹೋಗಿದೆ. ಆಂಫಿಬೋಲೈಟ್, ಡೈಕ್‌ಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಜಿರ್ಕೋನಿಯಂ ಪೈರಾಕ್ಸೀನ್, ಇಲ್ಮನೈಟ್‌ಗಳಲ್ಲಿ ಅಡಗಿರುತ್ತದೆ, 15-20 ಕಿಲೋದಿಂದಲೂ ಏನೂ ಸಿಗದಿರಬಹುದು.

ಪುಡಿ ಮಾಡುವ ಕ್ರಮ. ಜಾ ಕ್ರಶರ್‌ನ ಎರಡೂ ತಟ್ಟೆ ಬಿಚ್ಚಿ, ವೈರ್ ಬ್ರಷ್, ನಿರ್ವಾತ ಕ್ಲೀನರ್, ಕಂಪ್ರೆಸ್ಡ್ ಏರ್, ಕೊನೆಗೆ ಅಸಿಟೋನ್. ನಂತರ ನಿಮ್ಮದೇ ಸ್ಯಾಂಪಲ್‌ನ ಅರ್ಧ ಕಿಲೋ ಹಾಕಿ ಪುಡಿ ಮಾಡಿ ಎಸೆಯಿರಿ, ಆಮೇಲೆ ಅಸಲು. ಕ್ರಶರ್ ಬಾಯನ್ನು ಒಮ್ಮೆಗೇ ಬಿಗಿ ಮಾಡಬೇಡಿ. ಅಗಲವಾಗಿಟ್ಟು ಶುರು ಮಾಡಿ, ಪ್ರತಿ ಸುತ್ತಿಗೂ ಜರಡಿ ಹಿಡಿದು, ಉಳಿದ ದಪ್ಪ ಕಣವನ್ನು ಮಾತ್ರ ಮತ್ತೆ ಹಾಕಿ. ಡಿಸ್ಕ್ ಮಿಲ್‌ನಲ್ಲಿ ನಿಮಿಷಗಟ್ಟಲೆ ಬಿಟ್ಟರೆ ಜಿರ್ಕಾನ್‌ನ ಉದ್ದನೆಯ ಹರಳು ಮುರಿದು, ಕೋರ್ (ಒಳಗಿನ ಹಳೆಯ ಭಾಗ) ಒಂದು ಕಡೆ ರಿಮ್ (ಸುತ್ತ ಆಮೇಲೆ ಬೆಳೆದ ಅಂಚು) ಒಂದು ಕಡೆ ಆಗುತ್ತದೆ. 300 ಮೈಕ್ರಾನ್ ಕೆಳಗಿನದನ್ನು ಇಟ್ಟುಕೊಳ್ಳಿ. ಲೋಹದ ಜರಡಿಗಳೇ ಸ್ಯಾಂಪಲ್‌ಗಳ ನಡುವೆ ಜಿರ್ಕಾನ್ ಸಾಗಿಸುವ ದೊಡ್ಡ ದಾರಿ, ಕಣ್ಣಿಗಳಲ್ಲಿ ಕಣ ಸಿಕ್ಕಿಕೊಂಡು ಮುಂದಿನ ಶಿಲೆಗೆ ಹೋಗುತ್ತದೆ. ನೈಲಾನ್ ಬಟ್ಟೆ ತಂದು ಪ್ರತಿ ಸ್ಯಾಂಪಲ್‌ಗೂ ಹೊಸ ತುಂಡು ಹಾಕಿ, ಮುಗಿದ ಮೇಲೆ ಎಸೆಯಿರಿ. ಅಗ್ಗದ ವಿಧಾನ, ಆದರೆ 2.5 ಶತಕೋಟಿ ವರ್ಷದ ಗ್ರಾನೈಟ್‌ನ ಕಣ 3.3 ರ ಗ್ನೀಸ್‌ನಲ್ಲಿ ತೇಲಿಬರುವುದು ತಪ್ಪುತ್ತದೆ.

ತೊಳೆಯುವುದು: ಬಕೆಟ್‌ನಲ್ಲಿ ನೀರು ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು ಮೇಲಿನ ಕೆಸರು ಬಸಿಯಿರಿ. ಬಸಿದದ್ದನ್ನು ಎಸೆಯುವ ಮೊದಲು ಇನ್ನೊಂದು ಬಕೆಟ್‌ನಲ್ಲಿ ಹಿಡಿದಿಡಿ, ಕೆಲಸ ಮುಗಿಯುವವರೆಗೆ ಇರಲಿ. ನಂತರ ತಟ್ಟೆಯಲ್ಲಿ ಗಾಳಿಸಿ ಅಥವಾ ಭಾರದ ಕಣ ಬೇರೆ ಮಾಡುವ ಅಲುಗುವ ವಿಲ್ಫ್ಲೇ ಟೇಬಲ್ ಬಳಸಿ. ಒಣಗಿಸಿ. ಕೈ ಮ್ಯಾಗ್ನೆಟ್‌ನಿಂದ ಮ್ಯಾಗ್ನಟೈಟ್ ಮತ್ತು ಕ್ರಶರ್‌ನ ಕಬ್ಬಿಣದ ಚೂರು ತೆಗೆದ ಮೇಲೆ ಮಾತ್ರ ಫ್ರಾಂಟ್ಸ್. ಇಲ್ಲದಿದ್ದರೆ ಅದರ ಓಣಿಯೇ ಕಟ್ಟಿಕೊಳ್ಳುತ್ತದೆ. ಪಕ್ಕದ ಓರೆ 15 ಡಿಗ್ರಿ, ಮುಂದಿನ ಓರೆ 20-25 ಡಿಗ್ರಿ ಇಟ್ಟು 0.3, 0.6, 1.0, 1.5 ಆಂಪಿಯರ್ ಹೀಗೆ ಏರಿಸಿ. ಬಯೋಟೈಟ್, ಹಾರ್ನ್‌ಬ್ಲೆಂಡ್, ಎಪಿಡೋಟ್ ಸಾಲಾಗಿ ಹೋಗುತ್ತವೆ.

ಭಾರದ್ರವ ಎರಡು ಬಗೆ. ಬ್ರೋಮೋಫಾರ್ಮ್ 2.89, ಅದರಲ್ಲಿ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ತೇಲುತ್ತವೆ. ಮೀಥೈಲೀನ್ ಅಯೊಡೈಡ್ 3.3, ಅದರಲ್ಲಿ ಅಪಟೈಟ್ ಕೂಡ ತೇಲಿ ಜಿರ್ಕಾನ್ ಮುಳುಗುತ್ತದೆ. ಎರಡೂ ವಿಷ, ಫ್ಯೂಮ್ ಹುಡ್ ಇಲ್ಲದೆ ಬಾಟಲಿ ತೆರೆಯಬೇಡಿ, ನೈಟ್ರೈಲ್ ಗ್ಲವ್ಸ್ ಎರಡು ಪದರ. ಮೀಥೈಲೀನ್ ಅಯೊಡೈಡ್ ಬೆಳಕಿಗೆ ಕಪ್ಪಾಗಿ ಒಳಗೆ ಏನೂ ಕಾಣದಂತಾಗುತ್ತದೆ. ಕಂದು ಬಾಟಲಿಯಲ್ಲಿ ಒಂದೆರಡು ತಾಮ್ರದ ತುಂಡು ಹಾಕಿಟ್ಟರೆ ತಿಳಿಯಾಗುತ್ತದೆ. ನಿಮ್ಮಲ್ಲಿ ಹುಡ್ ಸರಿಯಿಲ್ಲದಿದ್ದರೆ ಸೋಡಿಯಂ ಪಾಲಿಟಂಗ್‌ಸ್ಟೇಟ್ ತರಿಸಿ. ನೀರಿನಲ್ಲಿ ಕರಗುತ್ತದೆ, 2.9 ಸಾಂದ್ರತೆಗೆ ಸುಲಭವಾಗಿ ಬರುತ್ತದೆ. ಒಂದೇ ನಿಯಮ: ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರಿನ ಕ್ಯಾಲ್ಸಿಯಂ ಸೇರಿದರೆ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಬಿಳಿ ಗಸಿಯಾಗಿ ಕೂರುತ್ತದೆ, ಅಷ್ಟು ದುಬಾರಿ ದ್ರವ ಹಾಳು.

ಕೊನೆಯ ಸುತ್ತಿನ ಫ್ರಾಂಟ್ಸ್ ಬಗ್ಗೆ ಎಚ್ಚರ. ಯುರೇನಿಯಂ ಹೆಚ್ಚಿರುವ ಜಿರ್ಕಾನ್ 300 ಕೋಟಿ ವರ್ಷದಲ್ಲಿ ವಿಕಿರಣದಿಂದ ಜರ್ಜರಿತವಾಗಿ, ಬಿರುಕಿನಲ್ಲಿ ಕಬ್ಬಿಣ ತುಂಬಿ, ಸ್ವಲ್ಪ ಮ್ಯಾಗ್ನೆಟಿಕ್ ಆಗುತ್ತದೆ. ಅತಿ ಕಡಿಮೆ ಮ್ಯಾಗ್ನೆಟಿಕ್ ಭಾಗವನ್ನಷ್ಟೇ ಇಟ್ಟುಕೊಂಡರೆ ಪ್ಲಾಟ್ ಅಂದವಾಗಿ ಬರುತ್ತದೆ, ಆದರೆ ಯುರೇನಿಯಂ ಹೆಚ್ಚಿರುವ ಮೆಟಮಾರ್ಫಿಕ್ (ಶಿಲೆ ಮತ್ತೆ ಕಾದಾಗ ಬೆಳೆದ) ರಿಮ್‌ಗಳ ಕಣಗಳೇ ಹೊರಗೆ ಹೋಗಿರುತ್ತವೆ. ನಿಮಗೆ ಎರಡೂ ಬೇಕು. ಎರಡು ಭಾಗ ಬೇರೆ ಬೇರೆ ಶೀಶೆಯಲ್ಲಿಟ್ಟು ಎರಡರಿಂದಲೂ ಆರಿಸಿ.

ತೆಳುಸೀಳು

ಎಲ್ಲಕ್ಕಿಂತ ಮೊದಲು ಥಿನ್ ಸೆಕ್ಷನ್ ಮಾಡಿ. ಪುಡಿ ಮಾಡಿದ ಮೇಲೆ 'ಅಯ್ಯೋ, ಇದರಲ್ಲಿ ಗಾರ್ನೆಟ್ ಇತ್ತೇ' ಎಂದರೆ ಪ್ರಯೋಜನವಿಲ್ಲ. 18 ಸ್ಯಾಂಪಲ್‌ಗೂ ಸೆಕ್ಷನ್ ಮಾಡಿ ನೋಡಿ, ಅದರಲ್ಲಿ 8 ಅಥವಾ 10 ನ್ನು ಡೇಟಿಂಗ್‌ಗೆ ಆರಿಸಿ.

ಫೀಲ್ಡ್‌ನಲ್ಲೇ ತುಂಡಿನ ಮೇಲೆ ಒಂದು ಸಮತಟ್ಟಾದ ಮುಖ ಆರಿಸಿ, ಮಾರ್ಕರ್‌ನಲ್ಲಿ ಸ್ಟ್ರೈಕ್ ಗೆರೆ (ಆ ಮುಖದ ಅಡ್ಡ ದಿಕ್ಕು), ಡಿಪ್ ಬಾಣ (ಅದು ವಾಲಿದ ದಿಕ್ಕು), ಅಂಕಿ ಬರೆದು, ಫೋಟೋ ತೆಗೆದು, ಆಮೇಲೆ ಒಡೆಯಿರಿ. ಒಡೆದ ಮೇಲೆ ಬರೆಯುವುದಕ್ಕೆ ಅರ್ಥವಿಲ್ಲ. ಲ್ಯಾಬ್‌ನಲ್ಲಿ ಫೋಲಿಯೇಷನ್‌ಗೆ (ಖನಿಜಗಳ ಪದರ) ಲಂಬವಾಗಿ, ಲೀನಿಯೇಷನ್‌ಗೆ (ಆ ಪದರದ ಮೇಲಿನ ಗೆರೆ) ಸಮಾಂತರವಾಗಿ ಕತ್ತರಿಸಿ. ಶಿಯರ್ (ಶಿಲೆ ಜಾರಿದ್ದು) ಯಾವ ಕಡೆ ಎಂದು ಆ ಮುಖವೇ ತೋರಿಸುತ್ತದೆ.

ಮಾಡುವಾಗ: ಚಿಪ್‌ನ ಒಂದು ಮುಖ 400, 600, 1000 ಕಾರ್ಬೊರಂಡಮ್‌ನಲ್ಲಿ ಗಾಜಿನ ಮೇಲೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರೆ ಒಂದೇ ಸಮನೆ ಮಂದ ಹೊಳಪು ಇರಬೇಕು. ಅಂಟಿಸುವ ಮೊದಲು ಚಿಪ್ ಪೂರ್ತಿ ಒಣಗಿರಬೇಕು, ಒಳಗಿನ ತೇವ ಎಪಾಕ್ಸಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ, ಉಜ್ಜುವಾಗ ಆ ಗುಳ್ಳೆಯ ಮೇಲಿನ ಖನಿಜವೇ ಕಿತ್ತು ಹೋಗುತ್ತದೆ. ಕೊನೆಯ 60 ಮೈಕ್ರಾನ್‌ನಿಂದ 30 ಕ್ಕೆ ಇಳಿಸುವುದು ಕೈಯಿಂದ, ಹತ್ತು ಹತ್ತು ಸುತ್ತಿಗೊಮ್ಮೆ ಕ್ರಾಸ್ ನಿಕೋಲ್ಸ್ (ಮೈಕ್ರೋಸ್ಕೋಪ್‌ನ ಅಡ್ಡಡ್ಡ ಇಟ್ಟ ಎರಡು ಧ್ರುವಕಗಳು) ಕೆಳಗೆ ನೋಡುತ್ತಾ. ಕ್ವಾರ್ಟ್ಸ್ ಹಳದಿ ಕಂಡರೆ ಇನ್ನೂ ದಪ್ಪ, ಬೂದು-ಬಿಳಿ ಆದರೆ 30 ಮೈಕ್ರಾನ್. ಒಂದು ಅಂಚು ಬೂದು, ಇನ್ನೊಂದು ಹಳದಿ ಇದ್ದರೆ ಒತ್ತಡ ಒಂದೇ ಕಡೆ ಬಿದ್ದಿದೆ ಎಂದರ್ಥ.

ಮೈಕ್ರೋಪ್ರೋಬ್‌ಗೆ (ಖನಿಜದ ಸಂಯೋಜನೆ ಅಳೆಯುವ ಉಪಕರಣ) ಕಳುಹಿಸುವುದಾದರೆ ಆ ಲ್ಯಾಬ್‌ನ ಹೋಲ್ಡರ್ ಯಾವ ಅಳತೆಯ ಗಾಜು ಹಿಡಿಯುತ್ತದೆ ಎಂದು ಮೊದಲೇ ಕೇಳಿ. ಪ್ರೋಬ್‌ನ ಸೆಕ್ಷನ್ ಮೇಲೆ ಕವರ್ ಸ್ಲಿಪ್ ಹಾಕಬಾರದು.

ಗೊರೂರು_ಗ್ನೀಸ್

ತುಂಬಾ ಉಪಕಾರವಾಯಿತು. 18 ಕ್ಕೆ ಇಳಿಸುತ್ತೇನೆ. ಇನ್ನೂ ಎರಡು: ಕೆಮಿಸ್ಟ್ರಿಗೂ ಜಿರ್ಕಾನ್‌ಗೂ ಒಂದೇ ಪುಡಿ ಬಳಸಬಹುದೇ? ವಿಭಾಗದಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಮಿಲ್ ಇದೆ, ಅಗೇಟ್ ಪಕ್ಕದ ವಿಭಾಗದಲ್ಲಿದೆ. ಮತ್ತೆ ಲೇಸರ್ ಸ್ಲಾಟ್ ಯಾವಾಗ ಬುಕ್ ಮಾಡಬೇಕು?

ಆಕ್ಸೈಡ್

ಮಿಲ್‌ಗೆ ಉತ್ತರ: ಅಗೇಟ್. ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಟಂಗ್‌ಸ್ಟನ್, ಕೋಬಾಲ್ಟ್, ಟ್ಯಾಂಟಲಮ್ ಸೇರಿಸುತ್ತದೆ. ಟಿಟಿಜಿ ಶಿಲೆಗಳಲ್ಲಿ (ಟೋನಲೈಟ್–ಟ್ರಾಂಡ್ಜೆಮೈಟ್–ಗ್ರಾನೊಡಯೊರೈಟ್, ನಿಮ್ಮ ಬೂದು ಗ್ನೀಸ್ ಇದೇ ಬಗೆ) ನಯೋಬಿಯಂ–ಟ್ಯಾಂಟಲಮ್ ಅನುಪಾತವೇ ಮುಖ್ಯ ವಾದ, ರೂಟೈಲ್ ಉಳಿಯುವಷ್ಟು ಆಳದಲ್ಲಿ ಕರಗಿತೇ ಇಲ್ಲವೇ ಎಂದು ಅದರ ಮೇಲೆ ಚರ್ಚೆ ನಡೆಯುತ್ತದೆ. ಟ್ಯಾಂಟಲಮ್ 0.3 ಪಿಪಿಎಂ ಇರುವ ಶಿಲೆಗೆ ಮಿಲ್‌ನಿಂದ ಅಷ್ಟೇ ಸೇರಿದರೆ ವಾದ ಮುಗಿಯಿತು. ಸ್ಟೀಲ್ ಮಿಲ್ ಆದರೆ ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸ್ ಬರುತ್ತವೆ, ಆಗ ಕೊಮಟೈಟ್ (ಮೆಗ್ನೀಷಿಯಂ ಹೆಚ್ಚಿರುವ ಹಳೆಯ ಲಾವಾ) ಜೊತೆ ಹೋಲಿಸುವ ಆಸೆ ಬಿಡಬೇಕು. ಅಗೇಟ್‌ನಿಂದ ಒಂದಿಷ್ಟು ಸಿಲಿಕಾ ಬರುತ್ತದೆ, 70 ಶೇಕಡ ಸಿಲಿಕಾ ಇರುವ ಶಿಲೆಗೆ ಅದು ಲೆಕ್ಕಕ್ಕಿಲ್ಲ. ನಿಧಾನ, ಆದರೆ ಮಾಡಿ.

ಒಂದೇ ಪುಡಿ ಬೇಡ. ಜಾ ಕ್ರಶರ್‌ನಿಂದ ಬಂದ ಚಿಪ್‌ಗಳನ್ನು ಕೋನ್ ಮಾಡಿ ನಾಲ್ಕು ಭಾಗ ಮಾಡಿ, ಎದುರುಬದುರು ಎರಡು ಭಾಗ ಕೆಮಿಸ್ಟ್ರಿಗೆ, ಉಳಿದದ್ದು ಜಿರ್ಕಾನ್‌ಗೆ. ಕೆಮಿಸ್ಟ್ರಿಯದನ್ನು 200 ಮೆಷ್‌ಗಿಂತ ನುಣ್ಣಗೆ ಅರೆಯಬೇಕು, ಜಿರ್ಕಾನ್‌ದು ಅಷ್ಟು ನುಣ್ಣಗಾದರೆ ಹರಳೇ ಇರುವುದಿಲ್ಲ.

ಮೇಜರ್ ಎಲಿಮೆಂಟ್ಸ್ ಎಕ್ಸ್‌ಆರ್‌ಎಫ್‌ನಲ್ಲಿ (ಎಕ್ಸ್-ರೇ ವಿಧಾನ, ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಬೇಕಿಲ್ಲ), ಟ್ರೇಸ್ ಐಸಿಪಿ-ಎಂಎಸ್‌ನಲ್ಲಿ (ಕರಗಿಸಿದ ದ್ರಾವಣ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್) ಆಗುತ್ತದೆ. ಇಲ್ಲಿ ಒಂದು ಗುಂಡಿ ಇದೆ. ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಸಿಡ್‌ನಲ್ಲಿ, ತೆರೆದ ಸಾವಿಲೆಕ್ಸ್ (ಟೆಫ್ಲಾನ್ ಬಗೆಯ) ಡಬ್ಬಿಯಲ್ಲಿ, ಹಾಟ್‌ಪ್ಲೇಟ್ ಮೇಲೆ ಕರಗಿಸಿದರೆ ಜಿರ್ಕಾನ್ ಪೂರ್ತಿ ಕರಗುವುದಿಲ್ಲ. ದ್ರಾವಣ ತಿಳಿಯಾಗಿ ಕಂಡರೂ ತಳದಲ್ಲಿ ಕಣ್ಣಿಗೆ ಕಾಣದ ಕಣ ಉಳಿದಿರುತ್ತದೆ. ಜಿರ್ಕೋನಿಯಂ, ಹ್ಯಾಫ್ನಿಯಂ, ಭಾರದ ರೇರ್ ಅರ್ಥ್‌ಗಳು ಕಡಿಮೆ ಬರುತ್ತವೆ. ಭಾರದ ರೇರ್ ಅರ್ಥ್ ಕಡಿಮೆ ಇರುವುದು ಟಿಟಿಜಿಯ ಸಹಜ ಗುಣವೂ ಹೌದು, ಹಾಗಾಗಿ ಈ ತಪ್ಪು ಒಳ್ಳೆಯ ಫಲಿತಾಂಶದಂತೆ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಪರೀಕ್ಷೆ ಸುಲಭ: ಅದೇ ಪುಡಿಯ ಎಕ್ಸ್‌ಆರ್‌ಎಫ್ ಜಿರ್ಕೋನಿಯಂ 160, ಐಸಿಪಿ 95 ಎಂದರೆ ಕರಗಿಲ್ಲ. ಹೈ ಪ್ರೆಷರ್ ಬಾಂಬ್ ಅಥವಾ ಲಿಥಿಯಂ ಮೆಟಾಬೋರೇಟ್ ಫ್ಯೂಷನ್‌ನಲ್ಲಿ ಮತ್ತೆ ಮಾಡಿ.

ಪ್ರತಿ ಬ್ಯಾಚ್‌ನಲ್ಲಿ ಒಂದು ಬ್ಲ್ಯಾಂಕ್, ಒಂದು ಡೂಪ್ಲಿಕೇಟ್, ಎರಡು ರೆಫರೆನ್ಸ್ ಶಿಲೆ ಇರಲಿ. ಯುಎಸ್‌ಜಿಎಸ್‌ನ ಜಿ-2, ಜಿಎಸ್‌ಪಿ-2 ಗ್ರಾನೈಟ್ ಬಗೆಯವು. ಬಿಎಚ್‌ವಿಒ-2 ಬಸಾಲ್ಟ್, ಅದರಲ್ಲಿ ಸರಿ ಬಂತು ಎಂದರೆ ಗ್ನೀಸ್‌ನಲ್ಲೂ ಸರಿ ಎಂದಾಗುವುದಿಲ್ಲ, ಬಸಾಲ್ಟ್‌ನಲ್ಲಿ ಕರಗದೆ ಕಾಡುವ ಜಿರ್ಕಾನ್ ಇಲ್ಲ. ಲಾಸ್ ಆನ್ ಇಗ್ನಿಷನ್ (ಕಾಯಿಸಿದಾಗ ಕಡಿಮೆಯಾಗುವ ತೂಕ) 950 ಡಿಗ್ರಿಯಲ್ಲಿ ಮಾಡಿ. ಗ್ನೀಸ್‌ನಲ್ಲಿ ಅದು 2 ಶೇಕಡ ದಾಟಿದರೆ ಸ್ಯಾಂಪಲ್ ಸವೆದಿದೆಯೇ ಎಂದು ಸೆಕ್ಷನ್ ಮತ್ತೆ ನೋಡಿ.

ಹೈಡ್ರೋಫ್ಲೋರಿಕ್ ಇರುವ ಕೋಣೆಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಲೇಬೇಕು, ಅವಧಿ ಮುಗಿದಿಲ್ಲ ಎಂದು ನೋಡಿಕೊಳ್ಳಿ. ಒಬ್ಬರೇ ಇದ್ದಾಗ ಆ ಆಸಿಡ್ ತೆರೆಯಬೇಡಿ. ಚರ್ಮದ ಮೇಲೆ ಬಿದ್ದಾಗ ತಕ್ಷಣ ನೋವಾಗದಿರಬಹುದು, ಅಪಾಯ ಇರುವುದೇ ಅಲ್ಲಿ. ನೋವಿಗೆ ಕಾಯದೆ ನೀರಿನಲ್ಲಿ ತೊಳೆದು, ಜೆಲ್ ಹಚ್ಚುತ್ತಲೇ ಆಸ್ಪತ್ರೆಗೆ ಹೋಗಬೇಕು, ಯಾವ ಆಸಿಡ್ ಎಂದು ಅಲ್ಲಿ ಮೊದಲೇ ಹೇಳಬೇಕು.

ಕಾಂಕಾರ್ಡಿಯಾ

ಲೇಸರ್ ಸ್ಲಾಟ್ ಈಗಲೇ ಕೇಳಿ, ಆದರೆ ದಿನಾಂಕವನ್ನು ಸಿಎಲ್ ಚಿತ್ರ (ಕ್ಯಾಥೋಡೊಲ್ಯುಮಿನೆಸೆನ್ಸ್, ಜಿರ್ಕಾನ್ ಒಳಗಿನ ಪದರ ತೋರಿಸುವ ಚಿತ್ರ) ಕೈಗೆ ಬರುವ ಅಂದಾಜಿನ ನಂತರ ಇಡಿ. ಸರ್ಕಾರಿ ನೆರವಿನ ಉಪಕರಣಗಳು ಎಲ್ಲೆಲ್ಲಿವೆ, ಶುಲ್ಕವೆಷ್ಟು ಎಂದು ಐ-ಸ್ಟೆಮ್ ಪೋರ್ಟಲ್‌ನಲ್ಲಿ ನೋಡಬಹುದು. ದೆಹಲಿಯ ಐಯುಎಸಿಯಂಥ (ಇಂಟರ್ ಯೂನಿವರ್ಸಿಟಿ ಆಕ್ಸೆಲರೇಟರ್ ಸೆಂಟರ್) ಕಡೆ ಪ್ರಸ್ತಾವನೆ ಬರೆದು ಸಮಿತಿಯ ಒಪ್ಪಿಗೆ ಪಡೆಯಬೇಕು. ಅಲ್ಲಿ 'ಗ್ನೀಸ್ ಡೇಟ್ ಮಾಡಬೇಕು' ಎಂದು ಬರೆದರೆ ಸಾಲದು, ಯಾವ ಬಂಡೆಯ ಯಾವ ಸಂಬಂಧವನ್ನು ಪರೀಕ್ಷಿಸುತ್ತೀರಿ, ಎಷ್ಟು ಸ್ಪಾಟ್ (ಲೇಸರ್ ಹೊಡೆಯುವ ಬಿಂದು) ಬೇಕು, ಎಷ್ಟು ನಿಖರತೆ ಸಾಕು ಎಂದು ಬರೆಯಿರಿ. ಕೊರೆಗಲ್ಲು ಹೇಳಿದ ಆ ಸ್ಕೆಚ್ಚೇ ಪ್ರಸ್ತಾವನೆಯ ಮೊದಲ ಚಿತ್ರವಾಗಲಿ.

ಮೌಂಟ್: 25 ಮಿಲಿಮೀಟರ್ ಎಪಾಕ್ಸಿ ಬಿಲ್ಲೆ. ರೆಸಿನ್ ಮತ್ತು ಹಾರ್ಡನರ್ ತೂಗಿ ಹಾಕಿ, ಹನಿ ಎಣಿಸಬೇಡಿ. ಅನುಪಾತ ತಪ್ಪಿದರೆ ಬಿಲ್ಲೆ ಮೆತ್ತಗೆ ಉಳಿದು ಪಾಲಿಷ್ ಮಾಡುವಾಗ ಕಣ ಉದುರುತ್ತದೆ. ಒಂದೇ ಗಾತ್ರದ ಕಣಗಳನ್ನು ಒಟ್ಟಿಗೆ ಸಾಲಾಗಿ ಇಡಿ. 150 ಮೈಕ್ರಾನ್ ಕಣ, 50 ಮೈಕ್ರಾನ್ ಕಣ ಒಂದೇ ಬಿಲ್ಲೆಯಲ್ಲಿದ್ದರೆ ದೊಡ್ಡದು ಅರ್ಧಕ್ಕೆ ಬರುವಷ್ಟರಲ್ಲಿ ಸಣ್ಣದು ಮಾಯ. ಕೊನೆಗೆ 3, 1, 0.25 ಮೈಕ್ರಾನ್ ಡೈಮಂಡ್. ಸಿಎಲ್ ಚಿತ್ರವಿಲ್ಲದೆ ಲೇಸರ್ ಹೊಡೆಯುವುದು ಹಣ ಸುಟ್ಟ ಹಾಗೆ. ಈ ಗ್ನೀಸ್‌ಗಳ ಜಿರ್ಕಾನ್‌ನಲ್ಲಿ ಸಣ್ಣ ಸಣ್ಣ ಅಲೆಗಳಂಥ ಪದರಗಳ ಕೋರ್, ಸುತ್ತ ಪದರವಿಲ್ಲದ ತೆಳು ರಿಮ್ ಸಾಮಾನ್ಯ. ರಿಮ್ 15 ಮೈಕ್ರಾನ್, ಸ್ಪಾಟ್ 30 ಮೈಕ್ರಾನ್ ಆದರೆ ಬರುವ ವಯಸ್ಸು ಯಾವ ಘಟನೆಯದೂ ಅಲ್ಲ.

ಲೇಸರ್ ದಿನ ಬೆಳಿಗ್ಗೆ ಟ್ಯೂನಿಂಗ್‌ಗೇ ಒಂದೂವರೆ ಎರಡು ಗಂಟೆ ಹೋಗುತ್ತದೆ. 20 ಸೆಕೆಂಡ್ ಬ್ಯಾಕ್‌ಗ್ರೌಂಡ್, 30 ಸೆಕೆಂಡ್ ಹೊಡೆತ, 20 ಸೆಕೆಂಡ್ ತೊಳೆತ, ನಡುವೆ ಜಾಗ ಬದಲಿಸುವುದು ಸೇರಿ ಒಂದು ಸ್ಪಾಟ್‌ಗೆ ಒಂದೂಕಾಲು ನಿಮಿಷ. ಪ್ರತಿ 6-8 ಅಪರಿಚಿತ ಸ್ಪಾಟ್‌ಗೆ ಎರಡು ಸ್ಟ್ಯಾಂಡರ್ಡ್ (ವಯಸ್ಸು ಮೊದಲೇ ಗೊತ್ತಿರುವ ಜಿರ್ಕಾನ್). ಒಂದು ಸ್ಯಾಂಪಲ್‌ಗೆ 35-40 ಸ್ಪಾಟ್ ಇಟ್ಟರೆ ದಿನಕ್ಕೆ ನಾಲ್ಕು ಸ್ಯಾಂಪಲ್ ಆರಾಮಾಗಿ ಮುಗಿಯುತ್ತವೆ, ಐದಕ್ಕೆ ಆಸೆ ಪಡಬೇಡಿ. ಸರ್ಗೂರಿನ ಕ್ವಾರ್ಟ್‌ಜೈಟ್ ಥರದ ಗಸಿಶಿಲೆಯೂ ಇದ್ದರೆ ಅದಕ್ಕೆ ಬೇರೆ ಲೆಕ್ಕ. ಶೇಕಡ 5 ರ ಪಾಲಿರುವ ಯಾವ ವಯಸ್ಸಿನ ಗುಂಪೂ ತಪ್ಪಿಹೋಗಿಲ್ಲ ಎಂದು ಶೇಕಡ 95 ಭರವಸೆಯಿಂದ ಹೇಳಲು 117 ಕಣ ಬೇಕು ಎಂದು 2004 ರಲ್ಲಿ ವರ್ಮೀಶ್ ಲೆಕ್ಕ ಹಾಕಿ ತೋರಿಸಿದ್ದಾರೆ. ಅಲ್ಲಿ ಅಂದದ ಕಣ ಆರಿಸುವುದೂ ತಪ್ಪು, ಸುರಿದು ಸಿಕ್ಕಿದ್ದನ್ನೇ ಇಡಬೇಕು.

ಎಲ್ಲ ಲ್ಯಾಬ್‌ಗಳಲ್ಲೂ 91500, ಜಿಜೆ-1, ಪ್ಲೆಶೊವಿಟ್ಸೆ ಸ್ಟ್ಯಾಂಡರ್ಡ್ ಇರುತ್ತವೆ. ಪ್ಲೆಶೊವಿಟ್ಸೆ ಬರೀ 337 ದಶಲಕ್ಷ ವರ್ಷದ್ದು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಸೀಸ-207 ತೀರಾ ಕಡಿಮೆ ಇರುವುದರಿಂದ ಸೀಸ 207/206 ಅನುಪಾತದಲ್ಲಿ ಸಣ್ಣ ವಾಲಿಕೆ ಇದ್ದರೂ ಅದು ತೋರಿಸುವುದಿಲ್ಲ. ನೀವು ವರದಿ ಮಾಡುವುದು ಅದೇ 207/206 ವಯಸ್ಸನ್ನು. ಆದ್ದರಿಂದ ಆರ್ಕಿಯನ್ (250 ಕೋಟಿ ವರ್ಷಕ್ಕೂ ಹಳೆಯ) ಸ್ಟ್ಯಾಂಡರ್ಡ್ ಒಂದನ್ನು ಅಪರಿಚಿತದಂತೆ ನಡುನಡುವೆ ಹೊಡೆಯಿರಿ. ಆಸ್ಟ್ರೇಲಿಯಾದ ಒಜಿ-1, 3465 ದಶಲಕ್ಷ ವರ್ಷ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಲ್ಯಾಬ್‌ನಲ್ಲಿ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಸೀಸ-204 ಮೇಲೆ ಪಾದರಸ-204 ಕುಳಿತಿರುತ್ತದೆ, ಅದು ಆರ್ಗಾನ್ ಅನಿಲದಿಂದಲೇ ಬರುತ್ತದೆ, ಪಾದರಸ-202 ಅಳೆದು ಕಳೆಯಬೇಕು.

ಡೇಟಾವನ್ನು ಐಸೋಪ್ಲಾಟ್‌ಆರ್ ತಂತ್ರಾಂಶದಲ್ಲಿ ಹಾಕಿ, ಉಚಿತ. ಡಿಸ್ಕಾರ್ಡೆಂಟ್ (ಎರಡು ಯುರೇನಿಯಂ–ಸೀಸ ವಯಸ್ಸು ಹೊಂದದ) ಕಣಗಳನ್ನು ಯಾವ ಮಿತಿಯಲ್ಲಿ ಬಿಡುತ್ತೀರಿ ಎಂದು ವಯಸ್ಸು ನೋಡುವ ಮೊದಲೇ ಬರೆದಿಡಿ. 10 ಶೇಕಡ ಎಂದಾದರೆ 10, ಆಮೇಲೆ ಇಷ್ಟವಾದ ಕಣಕ್ಕಾಗಿ 12 ಮಾಡುವಂತಿಲ್ಲ.

ಭಾರದ್ರವ

ಒಂದು ಸೇರ್ಪಡೆ. ಥೋರಿಯಂ/ಯುರೇನಿಯಂ 0.1 ಕ್ಕಿಂತ ಕಡಿಮೆ ಇದ್ದರೆ ಮೆಟಮಾರ್ಫಿಕ್, ಹೆಚ್ಚಿದ್ದರೆ ಶಿಲಾಪಾಕದ್ದು ಎಂದು ಕಣ್ಣು ಮುಚ್ಚಿ ಬರೆಯುವ ಅಭ್ಯಾಸ ಬಹಳ ಕಡೆ ಇದೆ. ಗ್ರಾನುಲೈಟ್ ಮಟ್ಟದ (ತೀರಾ ಹೆಚ್ಚು ಬಿಸಿಯಲ್ಲಿ ಬದಲಾದ ಶಿಲೆಯ) ಜಿರ್ಕಾನ್‌ನಲ್ಲಿ ಆ ಅನುಪಾತ ಹೆಚ್ಚಿರುವುದು ಅಪರೂಪವೇನಲ್ಲ. ಹೋಲಿಕೆಗೆ ಕಬ್ಬಾಳದುರ್ಗದ ಚಾರ್ನೊಕೈಟ್ ಕಡೆ ಹೋಗುವ ಯೋಚನೆ ಇದ್ದರೆ ಸಿಎಲ್ ವಿನ್ಯಾಸಕ್ಕೇ ಮೊದಲ ಮಾತು.

ವಿಭಾಗದ_ಮೆಟ್ಟಿಲು

ಕಮಿಟಿ ಮತ್ತು ಗುಂಪಿನ ಬಗ್ಗೆ ಯಾರೂ ಹೇಳಿಲ್ಲ.

ಯುಜಿಸಿಯ 2022 ರ ನಿಯಮದಂತೆ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರೊಳಗೆ ರಿಸರ್ಚ್ ಮತ್ತು ಪಬ್ಲಿಕೇಷನ್ ಎಥಿಕ್ಸ್ ಕೂಡ ಬರುತ್ತದೆ. ಪ್ರತಿ ಸೆಮಿಸ್ಟರ್ ಅಡ್ವೈಸರಿ ಕಮಿಟಿಯ ಮುಂದೆ ಪ್ರಗತಿ ಹೇಳಬೇಕು. ಕೋರ್ಸ್‌ವರ್ಕ್ ಪರೀಕ್ಷೆಯ ದಿನಾಂಕ ನೋಡದೆ ಡಿಸೆಂಬರ್ ಫೀಲ್ಡ್ ಟಿಕೆಟ್ ಮಾಡಬೇಡಿ. ಥೀಸಿಸ್ ಕೊಡುವ ಮೊದಲು ಪೇಪರ್ ಕಡ್ಡಾಯ ಎನ್ನುವುದನ್ನು 2022 ರ ನಿಯಮ ಕೈಬಿಟ್ಟಿದೆ, ಆದರೆ ನಿಮ್ಮ ವಿಶ್ವವಿದ್ಯಾಲಯದ ಸ್ವಂತ ಆರ್ಡಿನೆನ್ಸ್ ಏನು ಹೇಳುತ್ತದೆ ಎಂದು ಓದಿ. ಅದೇ ನಿಮಗೆ ಅನ್ವಯಿಸುವುದು.

ಮೊದಲ ಪ್ರೆಸೆಂಟೇಷನ್‌ಗೆ ವಯಸ್ಸುಗಳು ಬೇಕಿಲ್ಲ. ಒಂದು ನಕ್ಷೆ, ಮೂರು ಬಂಡೆಗಳ ಸ್ಕೆಚ್, ಆರು ಥಿನ್ ಸೆಕ್ಷನ್ ಫೋಟೋ, ಹಿಂದಿನವರು ಪ್ರಕಟಿಸಿದ ವಯಸ್ಸುಗಳ ಪಟ್ಟಿ, ಅದರಲ್ಲಿ ಯಾವ ವಿಧಾನ, ಎಷ್ಟು ಅನಿಶ್ಚಿತತೆ, ಸ್ಯಾಂಪಲ್‌ನ ಅಕ್ಷಾಂಶ ರೇಖಾಂಶ ಕೊಟ್ಟಿದ್ದಾರೆಯೇ ಇಲ್ಲವೇ. ಈ ಪಟ್ಟಿ ಮಾಡಿದಾಗಲೇ ತಿಳಿಯುತ್ತದೆ, ಹಳೆಯ ಹೋಲ್ ರಾಕ್ ರುಬಿಡಿಯಂ–ಸ್ಟ್ರಾಂಷಿಯಂ ವಯಸ್ಸುಗಳಲ್ಲಿ ಎಷ್ಟೋ ಸ್ಯಾಂಪಲ್ ಯಾವ ಬಂಡೆಯದು ಎಂದು ಹುಡುಕಲೂ ಆಗುವುದಿಲ್ಲ. ನಿಮ್ಮದು ಹಾಗಾಗದಿರಲಿ. ಜರ್ನಲ್ ಆಫ್ ದಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ ಹಳೆಯ ಸಂಪುಟಗಳನ್ನು, 1959 ರಿಂದ ಇವೆ, ಲೈಬ್ರರಿಯಲ್ಲಿ ಕೂತು ತಿರುವಿ. ಹೊಳೆನರಸೀಪುರ ಬೆಲ್ಟ್‌ನ ಕೈಬರಹದ ನಕ್ಷೆಗಳಲ್ಲಿ ಈಗ ಕೆರೆ, ಲೇಔಟ್, ರಸ್ತೆಯ ಕೆಳಗೆ ಹೋಗಿರುವ ಬಂಡೆಗಳೂ ಸಿಗುತ್ತವೆ.

ಗುಂಪಿನ ವಾರದ ಮೀಟಿಂಗ್‌ನಲ್ಲಿ ಪೇಪರ್ ಓದುವ ಸರದಿ ಬಂದಾಗ ಸಾರಾಂಶ ಹೇಳುವುದಕ್ಕಿಂತ ಸಪ್ಲಿಮೆಂಟರಿ ಟೇಬಲ್ ತೆರೆದು ಒಂದು ಸ್ಯಾಂಪಲ್‌ನ ಡೇಟಾ ನೀವೇ ಮತ್ತೆ ಪ್ಲಾಟ್ ಮಾಡಿ ತೋರಿಸಿ. ಕಲಿಯುವುದು ಅಲ್ಲಿ. ಕ್ರಶರ್ ಮತ್ತು ಫ್ರಾಂಟ್ಸ್‌ಗೆ ಒಂದು ದಪ್ಪ ರಿಜಿಸ್ಟರ್ ಇಡಿ: ದಿನಾಂಕ, ಯಾರು, ಯಾವ ಸ್ಯಾಂಪಲ್, ಯಾವ ಶಿಲೆ, ಯಾರು ತೊಳೆದರು. ಮುಂದೆ ನಿಮ್ಮ ಗ್ನೀಸ್‌ನಲ್ಲಿ ಒಂದೇ ಒಂದು 550 ದಶಲಕ್ಷ ವರ್ಷದ ಕಣ ಬಂದರೆ, ನಿಮಗಿಂತ ಮೊದಲು ಕೇರಳದ ಗ್ನೀಸ್ ಪುಡಿ ಮಾಡಿದ್ದು ಯಾರು ಎಂದು ಆ ರಿಜಿಸ್ಟರ್ ಹೇಳುತ್ತದೆ. ಅದಿಲ್ಲದಿದ್ದರೆ ಇಲ್ಲದ ಘಟನೆಗೆ ಒಂದು ಪ್ಯಾರಾ ಬರೆಯುವ ಅಪಾಯವಿದೆ.

ಸ್ಯಾಂಪಲ್ ಹೆಸರು: ವರ್ಷ, ನಿಮ್ಮ ಇನಿಷಿಯಲ್, ಬಂಡೆಯ ಸಂಖ್ಯೆ, ಹಂತದ ಅಕ್ಷರ. 12ಎ, 12ಬಿ, 12ಸಿ ಎಂದರೆ ಒಂದೇ ಬಂಡೆಯ ಮೂರು ಹಂತ ಎಂದು ನೋಡಿದ ತಕ್ಷಣ ಗೊತ್ತಾಗಬೇಕು. ಐಜಿಎಸ್‌ಎನ್ (ಸ್ಯಾಂಪಲ್‌ಗೆ ಕೊಡುವ ಅಂತಾರಾಷ್ಟ್ರೀಯ ಗುರುತು) ಸಂಖ್ಯೆ ಪಡೆದರೆ ಇನ್ನೂ ಒಳ್ಳೆಯದು. ಬ್ಯಾಗ್ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಎರಡು ಮಳೆಗಾಲಕ್ಕೆ ಅಳಿಸುತ್ತದೆ, ಕಲ್ಲಿನ ಮೇಲೇ ಬಿಳಿ ಪೇಂಟ್ ಬಳಿದು ಇಂಡಿಯನ್ ಇಂಕ್‌ನಲ್ಲಿ ಬರೆಯಿರಿ.

ಗೊರೂರು_ಗ್ನೀಸ್

ಧನ್ಯವಾದಗಳು. ಪಕ್ಕದ ವಿಭಾಗಕ್ಕೆ ಅಗೇಟ್ ಮಿಲ್‌ಗಾಗಿ ಇವತ್ತೇ ಪತ್ರ ಕೊಡುತ್ತೇನೆ. ಕೊನೆಯದಾಗಿ: ಹಳೆಯ ಫ್ರಾಂಟ್ಸ್‌ನಲ್ಲಿ 1.2 ಆಂಪಿಯರ್ ದಾಟಿದರೆ ಕಾಯಿಲ್ ಬಿಸಿಯಾಗುತ್ತದೆ. 1.5 ಬೇಕೇ ಬೇಕೇ?

ಭಾರದ್ರವ

ಬೇಕಿಲ್ಲ. 1.2 ರಲ್ಲೇ ನಿಲ್ಲಿಸಿ, ಪಕ್ಕದ ಓರೆಯನ್ನು 15 ರಿಂದ 10, ಆಮೇಲೆ 5 ಡಿಗ್ರಿಗೆ ಇಳಿಸಿ ಮತ್ತೆ ಎರಡು ಸಲ ಬಿಡಿ. ಓರೆ ಕಡಿಮೆಯಾದಷ್ಟೂ ಅದೇ ಕರೆಂಟ್‌ನಲ್ಲಿ ದುರ್ಬಲ ಮ್ಯಾಗ್ನೆಟಿಕ್ ಕಣಗಳೂ ಬೇರೆಯಾಗುತ್ತವೆ. ಅರ್ಧ ಗಂಟೆ ಓಡಿಸಿ ಹತ್ತು ನಿಮಿಷ ಆರಿಸಿಡಿ. ಕಣ ಬೀಳುವ ವೇಗವನ್ನೂ ತಗ್ಗಿಸಿ, ಓಣಿಯಲ್ಲಿ ಕಣಗಳು ಒಂದೇ ಪದರವಾಗಿ ಹರಿಯಬೇಕು, ಒಂದರ ಮೇಲೊಂದು ಏರಿದರೆ ಜಿರ್ಕಾನ್ ಬಯೋಟೈಟ್ ಜೊತೆ ಆಚೆ ಹೋಗುತ್ತದೆ. ಆಚೆ ಹೋದ ಭಾಗವನ್ನೂ ಒಂದು ಚಿಟಿಕೆ ಬೈನಾಕ್ಯುಲರ್ ಕೆಳಗೆ ನೋಡಿದ ಮೇಲೆಯೇ ಡಬ್ಬಿ ಮುಚ್ಚಿ.